ಹೆಸರಿಲ್ಲದ ಸ್ವರ

ನಮ್ಮ ಜಾಲಹಳ್ಳಿಯ ಬಿಇಎಲ್ ಕಾರ್ಖಾನೆ 1961ರಲ್ಲಿ ರೇಡಿಯೋ ವಾಲ್ವುಗಳನ್ನು ತಯಾರಿಸಲಾರಂಭಿಸಿತು. ಆ ಕಾಲದ ರೇಡಿಯೋದಲ್ಲಿ, ಮನುಷ್ಯಕಂಠದಂತೆ ಸ್ವರದಿಂದ ಸ್ವರಕ್ಕೆ ಜಾರುತ್ತಾ ಚಿತ್ರಗೀತೆ ನುಡಿಸುತ್ತಿದ್ದ ವಾದ್ಯವೊಂದು ಹಿರಿಯರಿಗೆ ನೆನಪಿರಬಹುದು. ಅದೇ ಸ್ಟೀಲ್ ಗಿಟಾರ್. ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ತಂತಿಗಳ ಮೇಲೆ ಉಕ್ಕಿನ ತುಂಡನ್ನು ಸರಿಸಿ ನುಡಿಸುವ ಈ ಕ್ರಮವನ್ನು 19ನೆಯ ಶತಮಾನದ ಕೊನೆಯಲ್ಲಿ ರೂಪಿಸಿದ ಕೀರ್ತಿ ಹವಾಯಿ ದ್ವೀಪದ ಜೋಸೆಫ್ ಕೆಕುಕು ಎಂಬ ಬಾಲಕನಿಗೆ ಸಲ್ಲುತ್ತದೆ. ಅಮೆರಿಕದಲ್ಲಿ ಅದು ಕಂಟ್ರಿ ಸಂಗೀತವನ್ನೂ, 1960ರ ದಶಕದಲ್ಲಿ ಕಂಟ್ರಿ ರಾಕನ್ನೂ ಸೇರಿತು, ನಮ್ಮಲ್ಲಿ ಸಿನಿಮಾವನ್ನು.

ಲಖನೌದ ಕ್ರೈಸ್ತ ಕುಟುಂಬವೊಂದರಲ್ಲಿ 1927ರಲ್ಲಿ ಜನಿಸಿದ ವ್ಯಾನ್ ಶಿಪ್ಲೆ, ಮೈಹರಿನ ಉಸ್ತಾದ್ ಅಲ್ಲಾವುದ್ದೀನ್ ಖಾನರಲ್ಲಿಯೂ ಅಭ್ಯಾಸಮಾಡಿ ಮುಂಬಯಿಗೆ ಬಂದರು. ಎಂಟು ತಂತಿಗಳ ವಿದ್ಯುತ್ ಗಿಟಾರ್ ಅವರ ಕೈಯಲ್ಲಿತ್ತು. ಅಂದು ಸ್ಟುಡಿಯೋ ವಾದಕರಿಗೆ ದಕ್ಕುತ್ತಿದ್ದುದು ದಿನದ ಸಂಭಾವನೆ ಮಾತ್ರ. ತಟ್ಟೆಯ ಮೇಲೆ ಸಂಗೀತ ನಿರ್ದೇಶಕರ ಮತ್ತು ಗಾಯಕರ ಹೆಸರಿರುತ್ತಿತ್ತು. ಶಂಕರ್-ಜೈಕಿಶನ್ ಜೋಡಿಗೆ ವಾದ್ಯಸಂಯೋಜನೆ ಮಾಡಿದ ಗೋವಾದ ಸೆಬಾಸ್ಟಿಯನ್ ಡಿ'ಸೋಜಾರಂಥವರನ್ನೇ ಎಷ್ಟು ಜನ ಬಲ್ಲರು? ನನಗಿದು ಅನ್ಯಾಯವೆಂದೇ ತೋರುತ್ತದೆ. ಶಿಪ್ಲೆ ಅದನ್ನು ಮೀರಿದರು. ಹಾಡುಗಾರರಿಲ್ಲದೆ, ಚಿತ್ರಗೀತೆಗಳನ್ನು ಗಿಟಾರಿನಲ್ಲಿಯೇ ನುಡಿಸಿದ ಅವರ ತಟ್ಟೆಗಳು ಅವರ ಹೆಸರಿನಲ್ಲಿಯೇ ಮಾರಾಟವಾದವು. ಪುಣೆಯ ಈನಕ್ ಡೇನಿಯಲ್ಸರು ಅಕಾರ್ಡಿಯನ್‌ನಲ್ಲಿ ಜೊತೆಗೂಡಿದರು. ಶಿಪ್ಲೆ ಮುಂಬಯಿಯಲ್ಲಿ 2008ರಲ್ಲಿ ನಿಧನರಾದರು. ಮನೆಯ ಅಟ್ಟದಲ್ಲಿ ಹಳೆಯ ತಟ್ಟೆಗಳಿದ್ದರೆ ಲೇಬಲ್ಲನ್ನೊಮ್ಮೆ ಓದಿ ನೋಡಿ.