ಹಂಚಿಕೊಂಡ ಪೋಸ್ಟ್‌: ಕೃತಿಸ್ವಾಮ್ಯ ಯಾರದು?

ವಿಕೇಂದ್ರೀಕೃತ ಸಾಮಾಜಿಕ ಜಾಲತಾಣಗಳಲ್ಲಿ ಪ್ರಕಟಿಸಿದ ಬರಹ, ಛಾಯಾಚಿತ್ರಗಳ ಕೃತಿಸ್ವಾಮ್ಯ ಸಾಮಾನ್ಯವಾಗಿ ಅವುಗಳ ಕರ್ತೃವಿನಲ್ಲಿಯೇ ಉಳಿಯುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಇದಕ್ಕೆ ನೋಂದಣಿ ಕಡ್ಡಾಯವಲ್ಲ. ಬರಹದ ಹಕ್ಕು ಲೇಖಕರ ಜೀವಿತಾವಧಿ ಹಾಗೂ ಅನಂತರದ 60 ವರ್ಷ ಇರುತ್ತದೆ. ಸರ್ವರ್‌ ನಡೆಸುವವರಿಗೆ ದೊರೆಯುವುದು ಬಳಕೆಯ ಅನುಮತಿ ಮಾತ್ರ.

ಮಣಿಪಾಲದ ನಿದರ್ಶನ

ಆಶ್ರಯ ನೀಡಿದ ಮಾತ್ರಕ್ಕೆ ಕೃತಿಯ ಒಡೆತನ ಬರುವುದಿಲ್ಲ ಎಂಬುದಕ್ಕೆ ಉಡುಪಿ ಜಿಲ್ಲೆಯಲ್ಲೇ ನಿದರ್ಶನವಿದೆ. ಡಾ. ಶಿವರಾಮ ಕಾರಂತರು ಯಕ್ಷಗಾನಕ್ಕೆ ಹೊಸ ರೂಪ ನೀಡಿ ‘ಯಕ್ಷರಂಗ’ವನ್ನು ಕಟ್ಟಿದ್ದರು. 1994ರ ಉಯಿಲಿನ ಮೂಲಕ ಅದರ ಹಕ್ಕು ಬಿ. ಮಾಲಿನಿ ಮಲ್ಯ ಅವರಿಗೆ ಸೇರಿತು. ಕಾರಂತರ ನಿಧನಾನಂತರ, 2001ರಲ್ಲಿ ಮಣಿಪಾಲದ ಅಕಾಡೆಮಿ ಆಫ್‌ ಜನರಲ್‌ ಎಜುಕೇಶನ್‌ ನವದೆಹಲಿಯಲ್ಲಿ ‘ಅಭಿಮನ್ಯು ವಧೆ’ಯನ್ನು ಪ್ರದರ್ಶಿಸಿದಾಗ ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. ಹಕ್ಕು ತನ್ನದೆಂಬ ಸಂಸ್ಥೆಯ ವಾದ ನಿಲ್ಲಲಿಲ್ಲ. 2009ರ ಜನವರಿ 23ರಂದು ಸುಪ್ರೀಂ ಕೋರ್ಟ್‌ ಮಲ್ಯ ಅವರ ಹಕ್ಕನ್ನು ಎತ್ತಿಹಿಡಿಯಿತು. ಆದರೆ ಖಾಸಗಿ ಅಧ್ಯಯನ, ವಿಮರ್ಶೆ, ಶಿಕ್ಷಣ ಸಂಸ್ಥೆಯ ಚಟುವಟಿಕೆ, ಟಿಕೆಟ್‌ ಇಲ್ಲದ ಹವ್ಯಾಸಿ ಪ್ರದರ್ಶನಗಳಿಗೆ ಕಾಯ್ದೆಯ 52ನೇ ಕಲಮಿನ ವಿನಾಯಿತಿಯನ್ನು ಉಳಿಸಿತು.

ಪ್ರತಿಗಳ ಸಂಚಾರ

ಮಾಸ್ಟೊಡಾನ್‌ನಂಥ ತಾಣಗಳು ಒಂದೇ ಕಂಪನಿಯ ಅಧೀನದಲ್ಲಿಲ್ಲ. ಅವುಗಳ ಸರ್ವರ್‌ಗಳು 2018ರಲ್ಲಿ ಅಂಗೀಕೃತವಾದ ‘ಆಕ್ಟಿವಿಟಿಪಬ್‌’ ಎಂಬ ತಾಂತ್ರಿಕ ಮಾನಕದ ಮೂಲಕ ಪರಸ್ಪರ ವ್ಯವಹರಿಸುತ್ತವೆ. ಉಡುಪಿಯ ಬಳಕೆದಾರರೊಬ್ಬರು ಕಾಪು ದೀಪಸ್ತಂಭದ ಚಿತ್ರ ಪ್ರಕಟಿಸಿದರೆ, ಅವರ ಅನುಯಾಯಿಗಳಿರುವ ಅನ್ಯ ಸರ್ವರ್‌ಗಳಲ್ಲೂ ಪೋಸ್ಟ್‌ನ ಪ್ರತಿ ಉಳಿಯಬಹುದು. ಅಳಿಸಿದಾಗ ಅವುಗಳಿಗೆ ಸೂಚನೆ ತಲುಪುತ್ತದೆ. ಅದನ್ನು ಪಾಲಿಸುವಂತೆ ಮಾಡುವ ತಾಂತ್ರಿಕ ಬಲ ಮೂಲ ಸರ್ವರ್‌ಗಿಲ್ಲ. ಹಕ್ಕು ಕೈಯಲ್ಲಿದ್ದರೂ ಪ್ರತಿಯ ಮೇಲಿನ ಹಿಡಿತ ತಪ್ಪುವುದು ಇಲ್ಲಿಯೇ.

ಗಮನಿಸಬೇಕಾದುದು

* ಕಾರ್ಕಳದ ಬಯಲಾಟವೊಂದರ ವಿಡಿಯೊದಲ್ಲಿ ಚಿತ್ರೀಕರಿಸಿದವರದಷ್ಟೇ ಅಲ್ಲ, ಹೊಸ ಪ್ರಸಂಗವಾದರೆ ಪ್ರಸಂಗಕರ್ತರ ಹಕ್ಕೂ ಇರುತ್ತದೆ. ಕಲಾವಿದರಿಗೆ 50 ವರ್ಷಗಳ ಪ್ರದರ್ಶಕರ ಹಕ್ಕಿದೆ.

* ಹಣ ಕೊಟ್ಟು ತೆಗೆಸಿದ ಮದುವೆಯ ಚಿತ್ರಗಳ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿದವರದು.

* ಪರವಾನಗಿಯನ್ನು ಸೂಚಿಸದಿದ್ದರೆ ಮರುಬಳಕೆಗೆ ಅನುಮತಿ ಕೇಳಬೇಕು. ಎಲ್ಲರ ಬಳಕೆಗೆ ಬಿಡುವುದಾದರೆ ಕ್ರಿಯೇಟಿವ್‌ ಕಾಮನ್ಸ್‌ ಪರವಾನಗಿಯನ್ನು ಪೋಸ್ಟ್‌ನಲ್ಲೇ ನಮೂದಿಸಬಹುದು. ಕರಾವಳಿಯವರೇ ಆದ ಸಾಹಿತಿ ನಿರಂಜನರ ಅನೇಕ ಕೃತಿಗಳನ್ನು ಅವರ ಕುಟುಂಬ 2014ರಲ್ಲಿ ಹೀಗೆ ಮುಕ್ತಗೊಳಿಸಿತು.

* ಈ ಪರವಾನಗಿಯಡಿ ಈಗಾಗಲೇ ಪ್ರತಿ ಪಡೆದವರಿಂದ, ಅವರು ಷರತ್ತು ಪಾಲಿಸುತ್ತಿರುವವರೆಗೆ, ಅನುಮತಿಯನ್ನು ಹಿಂಪಡೆಯಲಾಗದು. ಆದ್ದರಿಂದ ನಿರ್ಧಾರ ಪ್ರಕಟಣೆಗೆ ಮುನ್ನವೇ ಆಗಬೇಕು.