ಪತ್ತನಾಜೆ: ತೆಂಕುತಿಟ್ಟಿನ ಹಾಡುಗಾರಿಕೆಯ ಚರಿತ್ರೆಯಲ್ಲಿ

ಪತ್ತನಾಜೆ ಎಂದರೆ ತುಳುವರ ಸೌರಮಾನ ಪಂಚಾಂಗದಲ್ಲಿ ಬೇಶ ತಿಂಗಳ ಹತ್ತನೆಯ ದಿನ. ಪ್ರತಿವರ್ಷ ಮೇ 24 ಅಥವಾ 25ರಂದು ಇದು ಬರುತ್ತದೆ. ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳು ಸೇರಿದಂತೆ ತುಳುನಾಡಿನಲ್ಲಿ ದೇವಸ್ಥಾನಗಳ ಉತ್ಸವಗಳು, ದೈವಗಳ ಕೋಲ-ನೇಮಗಳು ಮತ್ತು ಯಕ್ಷಗಾನ ಮೇಳಗಳ ತಿರುಗಾಟ ವಾಡಿಕೆಯಂತೆ ಈ ದಿನಕ್ಕೆ ಮುಗಿಯುತ್ತವೆ. ಕುಕ್ಕೆ ಸುಬ್ರಹ್ಮಣ್ಯದಲ್ಲಿ ದೀಪಾವಳಿಯ ಹೊತ್ತಿಗೆ ತೊಡಗಿದ ಉತ್ಸವಗಳಿಗೆ ಅಂದು ತೆರೆ ಬೀಳುತ್ತದೆ. ಧರ್ಮಸ್ಥಳ, ಕಟೀಲು ಮೊದಲಾದ ಮೇಳಗಳ ಕಲಾವಿದರು ತಿರುಗಾಟದ ಕೊನೆಯ ಸೇವೆಯಾಟ ಮುಗಿಸಿ ದೇವರ ಮುಂದೆ ಗೆಜ್ಜೆ ಬಿಚ್ಚುತ್ತಾರೆ. ಈ ದಿನವನ್ನು ಆಚರಣೆಯೆಂದು ವಿವರಿಸಿದವರು ಹಲವರಿದ್ದಾರೆ. ಈ ಸೀಮೆಯ ಜನಪ್ರಿಯ ಸಂಗೀತದ ಚರಿತ್ರೆಯಲ್ಲಿ ಇದಕ್ಕಿಂತ ಹೆಚ್ಚು ಕೆಲಸ ಮಾಡಿದ ದಿನ ಮತ್ತೊಂದಿಲ್ಲ ಎಂಬುದನ್ನು ಈ ಲೇಖನ ಪ್ರತಿಪಾದಿಸುತ್ತದೆ.

ಸಂಗೀತದ ಚರಿತ್ರೆಯನ್ನು ದಿನಾಂಕಗಳ ಮೂಲಕ ಹೇಳುವ ಕ್ರಮ ಧ್ವನಿಮುದ್ರಣದ ಕಾಲದ್ದು. ಅಂಥ ದಿನಾಂಕಗಳು ಕರಾವಳಿಗೂ ಇವೆ. ಮೊದಲ ತುಳು ಚಲನಚಿತ್ರ ‘ಎನ್ನ ತಂಗಡಿ’ 1971ರ ಫೆಬ್ರುವರಿ 19ರಂದು ತೆರೆಕಂಡಿತು. ತುಳು ಚಿತ್ರಗೀತೆಯ ಚರಿತ್ರೆಯನ್ನು ಅಲ್ಲಿಂದ ಬರೆಯಬಹುದು. ಮಂಗಳೂರು ಆಕಾಶವಾಣಿ 1976ರ ಡಿಸೆಂಬರ್ 11ರಂದು ಆರಂಭವಾಗಿ ತುಳು ಹಾಡುಕಥೆಗಳಾದ ಪಾಡ್ದನಗಳನ್ನು, ತಾಳಮದ್ದಳೆಗಳನ್ನು ಮನೆಯ ಜಗಲಿಗೆ ತಲುಪಿಸಿತು. ಇವು ದೊಡ್ಡ ದಿನಗಳೇ. ಆದರೆ ಇವು ಒಮ್ಮೆ ಘಟಿಸಿ ಮುಗಿದವು. ಒಂದು ಆರಂಭವನ್ನು ತಿಳಿಸುತ್ತವೆಯೇ ಹೊರತು, ಹಾಡುವವನು ವರ್ಷದಲ್ಲಿ ಎಷ್ಟು ಕಾಲ ಹಾಡಿದ, ಎಲ್ಲಿ ಹಾಡಿದ, ಯಾರಿಂದ ಕಲಿತ ಎಂಬುದನ್ನು ನಿರ್ಧರಿಸುವುದಿಲ್ಲ. ಬಾಯಿಂದ ಬಾಯಿಗೆ ಬಂದ ಹಾಡುಗಾರಿಕೆಯ ರೂಪವನ್ನು ತಿದ್ದುವುದು ವರ್ಷವರ್ಷವೂ ಮರಳಿ ಬರುವ ದಿನ. ಆ ಕೆಲಸವನ್ನು ಇಲ್ಲಿ ಪತ್ತನಾಜೆ ಮಾಡಿದೆ.

ಮೊದಲ ಸಾಕ್ಷ್ಯ ತಿರುಗಾಟದ ಸ್ವರೂಪದಲ್ಲೇ ಇದೆ. ದೀಪಾವಳಿಯ ನಂತರ ಗೆಜ್ಜೆ ಕಟ್ಟಿದ ಮೇಳ ಪತ್ತನಾಜೆಯವರೆಗೆ, ಸುಮಾರು ಆರು ತಿಂಗಳು, ದಿನಕ್ಕೊಂದು ಊರಿನಂತೆ ಸಾಗುತ್ತದೆ. ಭಾಗವತರು ಇಡೀ ರಾತ್ರಿ ಹಾಡಿ, ಹಗಲು ನಿದ್ದೆ ತೀರಿಸಿ, ಸಂಜೆಗೆ ಮುಂದಿನ ಊರಿನ ಚೌಕಿ (ಬಣ್ಣದ ಮನೆ) ಸೇರಬೇಕಿತ್ತು. ಈ ದುಡಿಮೆಗೆ ಖಚಿತವಾದ ಕೊನೆಯ ದಿನ ಇದ್ದುದರಿಂದಲೇ ಕಂಠ ಉಳಿಯಿತು, ಹೊಸತನ್ನು ಸಿದ್ಧಮಾಡಲು ಬಿಡುವು ದೊರೆಯಿತು. ಬಲಿಪ ನಾರಾಯಣ ಭಾಗವತರು (1938–2023) ಕಟೀಲು ಮೇಳದಲ್ಲಿ ದಶಕಗಳ ಕಾಲ ಹಾಡಿದರು. ಜತೆಗೆ ಐದು ದಿನಗಳ ‘ದೇವಿ ಮಹಾತ್ಮೆ’ಯಂಥ ದೀರ್ಘ ಪ್ರಸಂಗವನ್ನೂ ರಚಿಸಿದರು. ಡೇರೆ ಮೇಳಗಳ ಕಾಲದಲ್ಲಿ ಕರ್ನಾಟಕ ಮೇಳದ ದಾಮೋದರ ಮಂಡೆಚ್ಚರು ಹಿಂದುಸ್ತಾನಿ ರಾಗಗಳನ್ನು ಯಕ್ಷಗಾನದ ದಕ್ಷಿಣ ಶೈಲಿಯಾದ ತೆಂಕುತಿಟ್ಟಿನ ಪದ್ಯಗಳಿಗೆ ಹೊಂದಿಸಿದರು. ಸುಳ್ಯ ತಾಲ್ಲೂಕಿನ ಕಲ್ಮಡ್ಕದವರಾದ ಪದ್ಯಾಣ ಗಣಪತಿ ಭಟ್ಟರು (ನಿಧನ 2021) ಸುರತ್ಕಲ್ ಮೇಳದಲ್ಲಿ ಹೆಸರಾದರು. ಟಿಕೇಟು ಕೊಟ್ಟು ಬರುವ ಪ್ರೇಕ್ಷಕರಿಗಾಗಿ ಡೇರೆ ಮೇಳಗಳು ತಿರುಗಾಟಕ್ಕೆ ಹೊಸ ಪ್ರಸಂಗ ಹೊರಡಿಸಬೇಕಾಗುತ್ತಿತ್ತು. ಕಲಾವಿದರ ಒಪ್ಪಂದವೂ ತಿರುಗಾಟದ ಲೆಕ್ಕದ್ದು. ಒಂದು ಮೇಳ ಬಿಟ್ಟು ಇನ್ನೊಂದಕ್ಕೆ ಸೇರುವುದು ಸಾಮಾನ್ಯವಾಗಿ ಪತ್ತನಾಜೆಯ ಆಚೆಗೇ. ಒಂದು ಮೇಳದ ಹಾಡಿನ ಮಟ್ಟು, ಚೆಂಡೆಯ ನಡೆ ಮತ್ತೊಂದಕ್ಕೆ ದಾಟಲು ಇದೂ ಒಂದು ದಾರಿ.

ಎರಡನೆಯ ಸಾಕ್ಷ್ಯ ಪತ್ತನಾಜೆಯ ನಂತರದ ತಿಂಗಳುಗಳದ್ದು. ಚೆಂಡೆ ಬಯಲಿನಿಂದ ಸರಿದರೂ ಹಾಡು ನಿಲ್ಲುವುದಿಲ್ಲ, ಜಾಗ ಬದಲಿಸುತ್ತದೆ. ಕಾರ್ತೆಲ್ ತಿಂಗಳಲ್ಲಿ ಭತ್ತದ ನೇಜಿ ನೆಡುವ ಹೆಂಗಸರು ಗದ್ದೆಯಲ್ಲಿ ಪಾಡ್ದನ ಹೇಳುತ್ತಿದ್ದರು. ಆಟಿ ತಿಂಗಳಲ್ಲಿ ನಲಿಕೆಯವರು ತೆಂಬರೆ ಬಡಿಯುತ್ತ ಆಟಿ ಕಳಂಜನನ್ನು ಮನೆಮನೆಗೆ ಕರೆತರುತ್ತಾರೆ. ವೇಷಭೂಷಣ, ರಂಗಸ್ಥಳ ಬೇಡದ ತಾಳಮದ್ದಳೆ ಮಳೆಗಾಲದ ಕಲೆಯಾಗಿ ಬೆಳೆದದ್ದೂ ಈ ಬಿಡುವಿನಲ್ಲೇ. ಕುಣಿತವಿಲ್ಲದ ಆ ಬೈಠಕಿನಲ್ಲಿ ಪದ್ಯವೂ ಅರ್ಥವೂ ಎದುರುಬದುರು ನಿಲ್ಲುತ್ತವೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ (1918–2006) ಅರ್ಥಧಾರಿಗಳ ಮುಂದೆ ಹಾಡುವ ಭಾಗವತರು ಪದ್ಯದ ಒಂದೊಂದು ಶಬ್ದವನ್ನೂ ಸ್ಪಷ್ಟವಾಗಿ ಕೇಳಿಸಬೇಕಿತ್ತು. ಪುತ್ತೂರಿನ ಯಕ್ಷಗಾನ ಸಂಘಗಳಲ್ಲಿ, ಸುಳ್ಯಕ್ಕೆ ತಾಗಿದ ಗಡಿಯಾಚೆಯ ದೇಲಂಪಾಡಿ ಬನಾರಿಯಲ್ಲಿ ಕೀರಿಕ್ಕಾಡು ವಿಷ್ಣು ಮಾಸ್ತರರು ಕಟ್ಟಿದ ಸಂಘದಲ್ಲಿ ಹವ್ಯಾಸಿಗಳಿಗೆ ಈ ಕಲೆಯೇ ಪಾಠಶಾಲೆಯಾಯಿತು. ಇತ್ತೀಚಿನ ದಶಕಗಳಲ್ಲಿ ಚಿಕ್ಕಮೇಳಗಳೂ ಹೊರಟಿವೆ. ಒಬ್ಬರು ಭಾಗವತರು, ಚೆಂಡೆ-ಮದ್ದಳೆಯವರು ಮತ್ತು ಎರಡು ವೇಷಗಳು ಸಂಜೆ ಮನೆಯಂಗಳಕ್ಕೆ ಬಂದು ಪ್ರಸಂಗದ ತುಣುಕೊಂದನ್ನು ಆಡಿಹೋಗುತ್ತಾರೆ.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ, ಮೇಳಗಳನ್ನು ನಿಲ್ಲಿಸುವುದು ಮಳೆಯೇ ಹೊರತು ದಿನವಲ್ಲ ಎಂಬುದು. ಬಯಲಿನಲ್ಲಿ ಆಟ ನಡೆಯುತ್ತಿದ್ದ ಕಾಲದಲ್ಲಿ ಮಳೆಯೇ ಮೂಲ ಕಾರಣವಾಗಿತ್ತು ಎಂಬುದು ನಿಜ. ಆದರೆ ಕರಾವಳಿಗೆ ಮುಂಗಾರು ಸಾಮಾನ್ಯವಾಗಿ ಮುಟ್ಟುವುದು ಜೂನ್ ಮೊದಲ ವಾರದಲ್ಲಿ, ಕೆಲವು ವರ್ಷ ಇನ್ನೂ ತಡವಾಗಿ. ಮೋಡವೇ ಕಾಣದ ವರ್ಷದಲ್ಲೂ ಮೇಳ ಬೇಶ ಹತ್ತಕ್ಕೇ ಗೆಜ್ಜೆ ಬಿಚ್ಚುತ್ತದೆ. ಇಂದು ಊರೂರಿಗೆ ಸಭಾಭವನಗಳಿವೆ, ತಗಡಿನ ಚಪ್ಪರಗಳಿವೆ. ಮಳೆ ಆಟಕ್ಕೆ ಅಡ್ಡಿಯಲ್ಲ. ಆದರೂ ಹರಕೆಯ ಆಟ ಆಡಿಸುವವರು ತಿರುಗಾಟದ ಸರದಿಗಾಗಿ ಕಾಯುತ್ತಾರೆ. ಕಾರಣ ಸಡಿಲಗೊಂಡ ಮೇಲೂ ಕಟ್ಟು ಉಳಿದಿದೆಯೆಂದರೆ ಆ ದಿನಕ್ಕೆ ತನ್ನದೇ ಅಧಿಕಾರ ಬಂದಿದೆ ಎಂದೇ ತಿಳಿಯಬೇಕು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು: ಮಳೆಗಾಲದಲ್ಲೂ ಬೆಂಗಳೂರು, ಮುಂಬಯಿಗಳಲ್ಲಿ ಆಟಗಳಾಗುತ್ತವೆ, ಗಾನವೈಭವಗಳು ನಡೆಯುತ್ತವೆ, ಮೊಬೈಲಿನಲ್ಲಿ ಯಾವ ಪದ್ಯವನ್ನು ಯಾವಾಗ ಬೇಕಾದರೂ ಕೇಳಬಹುದು, ಹೀಗಿರುವಾಗ ಪತ್ತನಾಜೆ ಬರಿಯ ಶಾಸ್ತ್ರವಲ್ಲವೇ? ಈ ಕಾರ್ಯಕ್ರಮಗಳ ಹಿಮ್ಮೇಳ-ಮುಮ್ಮೇಳಗಳನ್ನು ನೋಡಿದರೆ ಉತ್ತರ ಸಿಗುತ್ತದೆ. ಬೇರೆಬೇರೆ ಮೇಳಗಳ ಭಾಗವತರು ಒಂದೇ ವೇದಿಕೆಯಲ್ಲಿ ದ್ವಂದ್ವ ಹಾಡಬೇಕಾದರೆ ಅವರೆಲ್ಲ ಏಕಕಾಲಕ್ಕೆ ಬಿಡುವಾಗಿರಬೇಕು. ಆ ಬಿಡುವನ್ನು ಕೊಟ್ಟದ್ದು ಪತ್ತನಾಜೆ. 2020ರ ಮಾರ್ಚ್‌ನಲ್ಲಿ ಕೊರೋನಾದ ಕಾರಣ ತಿರುಗಾಟ ಅರ್ಧಕ್ಕೆ ನಿಂತಾಗ ಇದರ ಬೆಲೆ ಇನ್ನಷ್ಟು ತಿಳಿಯಿತು. ಮರುವರ್ಷವೂ ಏಪ್ರಿಲ್ ಕೊನೆಯ ನಿರ್ಬಂಧ ಮೇಳಗಳನ್ನು ಅವಧಿಗೆ ಮುನ್ನವೇ ಮನೆಗೆ ಕಳಿಸಿತು. ಪತ್ತನಾಜೆಯ ವಿರಾಮ ಎಲ್ಲರಿಗೂ ಮೊದಲೇ ಗೊತ್ತಿರುವುದು; ಸಂಬಳ, ಹರಕೆ, ಮಳೆಗಾಲದ ಬೇರೆ ದುಡಿಮೆ ಎಲ್ಲವೂ ಅದಕ್ಕೆ ಹೊಂದಿಕೊಂಡಿರುತ್ತವೆ. ಅನಿರೀಕ್ಷಿತ ನಿಲುಗಡೆ ಕಲಾವಿದರ ಜೀವನವನ್ನೇ ಅಲ್ಲಾಡಿಸಿತು.

ಈ ವಾದಕ್ಕೆ ಮಿತಿಗಳೂ ಇವೆ. ಮೂರು ತಾಲ್ಲೂಕುಗಳ ಎಲ್ಲ ಹಾಡೂ ಬೇಶದ ಲೆಕ್ಕಕ್ಕೆ ಒಳಪಟ್ಟದ್ದಲ್ಲ. ಬ್ಯಾರಿಗಳ ಮದುವೆಯ ಹಾಡು ಮತ್ತು ದಫ್, ಇಗರ್ಜಿಗಳ ಗಾಯನ, ಅರೆಭಾಷೆಯವರ ಶೋಭಾನೆ ತಮ್ಮದೇ ಸಂದರ್ಭಗಳನ್ನು ಅನುಸರಿಸುತ್ತವೆ. ಅವುಗಳ ಚರಿತ್ರೆಗೆ ಬೇರೆ ದಿನಗಳು ಬೇಕು. ಮೇಲಾಗಿ ಬಯಲಿನಿಂದ ಗದ್ದೆಗೆ ಹಾಡು ದಾಟುವ ಸಂಬಂಧ ಬಹುಮಟ್ಟಿಗೆ ಕಡಿದಿದೆ. ಪುತ್ತೂರು, ಸುಳ್ಯ, ಕಡಬಗಳಲ್ಲಿ ಭತ್ತದ ಬಯಲುಗಳನ್ನು ಅಡಿಕೆ ತೋಟ, ರಬ್ಬರ್ ಆವರಿಸಿವೆ. ನೇಜಿ ನೆಡುವ ಕೆಲಸವೇ ಇಲ್ಲದಾಗ ನೇಜಿಯ ಹಾಡು ಸ್ಪರ್ಧೆಯ ವೇದಿಕೆ ಸೇರುತ್ತದೆ, ಸಾಲು ಹಿಡಿದು ಕೈಗೆ ಕೈ ಕೂಡಿಸಿ ಹಾಡಿ ಕಲಿಯುವವರು ಉಳಿಯುವುದಿಲ್ಲ. ಇದು ದೊಡ್ಡ ನಷ್ಟ. ಈ ನಷ್ಟ ಎಷ್ಟೆಂದು ಅಳೆಯುವುದಕ್ಕೂ ಪತ್ತನಾಜೆಯ ಎರಡೂ ಕಡೆಯ ಸಂಗೀತವನ್ನು ಒಂದೇ ವರ್ಷದ ಎರಡು ಭಾಗಗಳಾಗಿ ನೋಡಬೇಕು. ಯಕ್ಷಗಾನವನ್ನು ಒಂದು ಪುಸ್ತಕದಲ್ಲೂ ಪಾಡ್ದನವನ್ನು ಇನ್ನೊಂದರಲ್ಲೂ ಬೇರೆಬೇರೆಯಾಗಿ ಓದಿದರೆ ಈ ಕೊಂಡಿ ಕಾಣುವುದಿಲ್ಲ.

ಪುತ್ತೂರಿನಲ್ಲಿ ನೆಲೆಸಿದ್ದ ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ ಕೃತಿಗೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದ ಮೇಲೆ ಈ ಕಲೆಯ ವಿದ್ವತ್ತು ಬಹಳ ಬೆಳೆದಿದೆ. ಈಗ ಖಾಸಗಿ ಸಂಗ್ರಹಗಳಲ್ಲಿ ಹಳೆಯ ಕ್ಯಾಸೆಟ್ಟುಗಳು ಧಾರಾಳವಾಗಿವೆ, ದಿನವೂ ಹೊಸ ದಾಖಲೆಗಳು ಸೇರುತ್ತಿವೆ. ಅವನ್ನು ಇಸವಿಯಿಂದ ಮಾತ್ರ ಗುರುತಿಸಿದರೆ ಜನವರಿಯ ಹಾಡೂ ಡಿಸೆಂಬರಿನ ಹಾಡೂ ಒಂದೇ ವರ್ಷದವಾಗುತ್ತವೆ. ವಾಸ್ತವದಲ್ಲಿ ಅವು ಎರಡು ತಿರುಗಾಟಗಳವು, ಕೆಲವೊಮ್ಮೆ ಎರಡು ಬೇರೆ ಹಿಮ್ಮೇಳಗಳವು. ಪ್ರತಿಯೊಂದು ದಾಖಲೆಗೂ ತಿರುಗಾಟದ ವರ್ಷ, ಮೇಳದ ಹೆಸರು, ಆಟವೋ ತಾಳಮದ್ದಳೆಯೋ ಎಂಬ ವಿವರ ಸೇರಿದರೆ ಭಾಗವತರೊಬ್ಬರ ಶೈಲಿ ಯಾವ ಬಿಡುವಿನ ನಂತರ ಬದಲಾಯಿತು, ಯಾರ ಒಡನಾಟದಲ್ಲಿ ಬದಲಾಯಿತು ಎಂಬುದನ್ನು ಹೇಳಲು ಸಾಧ್ಯವಾಗುತ್ತದೆ. ತೆಂಕುತಿಟ್ಟಿನ ಹಾಡುಗಾರಿಕೆಯ ಚರಿತ್ರೆಕಾರರಿಗೆ ವರ್ಷ ಮುಗಿಯಬೇಕಾದದ್ದು ಪತ್ತನಾಜೆಯಂದು. ಕಲಾವಿದರ ಲೆಕ್ಕ ಮೊದಲಿನಿಂದಲೂ ಹಾಗೆಯೇ ಇದೆ.