ಗೊಟ್ಟದಲ್ಲಿ ಹೋದ ಭಂಗಿ ಸೊಪ್ಪು

ಭಂಗಿ ಸೊಪ್ಪಿನ, ಅಂದರೆ ಗಾಂಜಾ ಗಿಡದ ಎಲೆಯ, ಚರಿತ್ರೆ ಹೇಳುವವರು ಸಾಮಾನ್ಯವಾಗಿ ಶಿವನಿಂದ, ಇಲ್ಲವೇ ಬೈರಾಗಿಗಳಿಂದ ಶುರು ಮಾಡುತ್ತಾರೆ. ನಾನು ದನದ ಡಾಕ್ಟರು, ಎತ್ತಿನಿಂದ ಶುರು ಮಾಡುತ್ತೇನೆ.

ಯಲಹಂಕದ ಸುತ್ತಿನ ಹಳ್ಳಿಗಳಲ್ಲಿ ಹಳ್ಳಿಕಾರ್ ಎತ್ತು ಕಟ್ಟಿದ ಮನೆಗಳಿದ್ದ ಕಾಲದಲ್ಲಿ ಕೊಟ್ಟಿಗೆಯ ಸೂರಿಗೆ ಸಿಕ್ಕಿಸಿದ ಬಿದಿರಿನ ಗೊಟ್ಟ ಇರಲೇಬೇಕಿತ್ತು. ಒಂದು ಕಡೆ ಗಿಣ್ಣು, ಇನ್ನೊಂದು ಕಡೆ ಓರೆಯಾಗಿ ಕೊಯ್ದ ಬಾಯಿ. ದನಕ್ಕೆ ಮದ್ದು ಕುಡಿಸುವುದು ಅದರಲ್ಲೇ. ತಲೆಯನ್ನು ತೀರಾ ಮೇಲೆತ್ತಿದರೆ ಮದ್ದು ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಈ ಪಾಠವನ್ನು ನಾನು ಕಾಲೇಜಿಗೆ ಹೋಗುವ ಮೊದಲೇ ಅಜ್ಜನ ಬೈಗುಳದಲ್ಲಿ ಕಲಿತಿದ್ದೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಗಾಡಿ ಎಳೆದು ಸೋತು ಬಂದ ಎತ್ತಿಗೆ, ಭೇದಿ ನಿಲ್ಲದ ಎತ್ತಿಗೆ ಅಜ್ಜ ಭಂಗಿ ಸೊಪ್ಪು ಕೊಡುತ್ತಿದ್ದ. ಹಂಚಿನ ಮೇಲೆ ಹುರಿದು, ಬೆಲ್ಲದ ಜೊತೆ ಅರೆದು, ನೀರಲ್ಲಿ ಕಲಸಿ, ಗೊಟ್ಟಕ್ಕೆ. ಯಾಕೆ ಹುರೀಬೇಕು ಎಂದು ಕೇಳಿದ್ದಕ್ಕೆ, "ಹಸೀದು ಕೊಟ್ರೆ ಹುಲ್ಲು ತಿನ್ನಿಸ್ದಂಗೆ ಕಣ್ಲಾ, ಬೆಂಕಿ ಕಂಡ್ರೇ ಅದಕ್ಕೆ ಜೀವ" ಅಂದಿದ್ದ. ಸೊಪ್ಪನ್ನು ಎಲ್ಲಿಂದ ತರುತ್ತಿದ್ದ ಎಂದು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ.

ಅಜ್ಜನ ಆ ಮಾತು ರಸಾಯನಶಾಸ್ತ್ರದ ಪ್ರಕಾರವೂ ಸರಿ. ಹಸಿ ಗಿಡದಲ್ಲಿ ಅಮಲಿನ ವಸ್ತು ಆಮ್ಲದ ರೂಪದಲ್ಲಿರುತ್ತದೆ. ಆ ರೂಪದಲ್ಲಿ ಅದು ಮೆದುಳನ್ನು ಅಷ್ಟಾಗಿ ಮುಟ್ಟುವುದಿಲ್ಲ. ಬಿಸಿ ತಾಗಿದಾಗ ಇಂಗಾಲದ ಡೈಆಕ್ಸೈಡ್ ಕಳಚಿಕೊಂಡು ಟಿಎಚ್‌ಸಿ ಆಗುತ್ತದೆ. ಅದು ನೀರಿನಲ್ಲಿ ಕರಗದು, ಜಿಡ್ಡಿನಲ್ಲಿ ಕರಗುತ್ತದೆ. ಆಯುರ್ವೇದದವರು ವಿಜಯಾ ಎಂದು ಕರೆದ ಈ ಸೊಪ್ಪನ್ನು ತೊಳೆದು ಒಣಗಿಸಿ ಹಸುವಿನ ತುಪ್ಪದಲ್ಲಿ ಹುರಿದು ಶೋಧಿಸುವುದೂ, ಉತ್ತರದವರು ಭಂಗನ್ನು ಹಾಲಿನಲ್ಲಿ ಕುಡಿಯುವುದೂ ಈ ಗುಣಕ್ಕೆ ಹೊಂದುತ್ತದೆ. ಅಜ್ಜ ಮಾತ್ರ ನೀರಲ್ಲೇ ಕಲಸುತ್ತಿದ್ದ. ಹಾಗಾಗಿ ಅವನ ಮದ್ದಿನಲ್ಲಿ ಎಷ್ಟು ಪಾಲು ಎತ್ತಿನ ರಕ್ತ ಸೇರುತ್ತಿತ್ತೋ, ನನಗೆ ಅನುಮಾನವಿದೆ.

ಅಜ್ಜನ ಗೊಟ್ಟದ ಕಾಲ ಮುಗಿಸಿದ್ದು ಸೂಜಿ. ಹೆಬ್ಬಾಳದಲ್ಲಿ 1925ರಲ್ಲಿ ಸೀರಂ ಇನ್‌ಸ್ಟಿಟ್ಯೂಟ್ ಶುರುವಾದದ್ದು ದನಗಳ ದೊಡ್ಡರೋಗ (ರಿಂಡರ್‌ಪೆಸ್ಟ್) ತಡೆಯುವುದಕ್ಕೆ. ಊರೂರಿನ ಕೊಟ್ಟಿಗೆ ಖಾಲಿ ಮಾಡುತ್ತಿದ್ದ ಆ ರೋಗಕ್ಕೆ ನಾಟಿ ಮದ್ದು ಯಾವುದೂ ನಾಟುತ್ತಿರಲಿಲ್ಲ. ಸೀರಂ, ಆಮೇಲೆ ಲಸಿಕೆ ಬಂದಮೇಲೆ ಜನ ಸೂಜಿಯನ್ನು ನಂಬಿದರು, ಗೊಟ್ಟ ಮೂಲೆಗೆ ಬಿತ್ತು. ಇದಕ್ಕಾಗಿ ನಾನೇನೂ ಹಲುಬುವವನಲ್ಲ. 2011ರಲ್ಲಿ ದೊಡ್ಡರೋಗ ಜಗತ್ತಿನಿಂದಲೇ ಅಳಿಯಿತು ಎಂದು ಘೋಷಣೆಯಾದ ದಿನ ಮನೆಯಲ್ಲಿ ಪಾಯಸ ಮಾಡಿಸಿದ್ದೆ. ಅಲ್ಲೇ ಪಕ್ಕದಲ್ಲಿ 1958ರಲ್ಲಿ ಪಶುವೈದ್ಯ ಕಾಲೇಜು ಬಂತು. ಎಪ್ಪತ್ತರ ದಶಕದಲ್ಲಿ ನಾನು ಅಲ್ಲಿ ಓದುವಾಗ ನಮ್ಮ ಹಳೆಯ ಔಷಧ ಪುಸ್ತಕವೊಂದರಲ್ಲಿ ಕ್ಯಾನಬಿಸ್ ಇಂಡಿಕಾ ಬಗ್ಗೆ ಒಂದೇ ಸಾಲಿತ್ತು: ಕುದುರೆಯ ಹೊಟ್ಟೆನೋವಿಗೆ ಹಿಂದೆ ಬಳಸುತ್ತಿದ್ದರು, ಈಗಿಲ್ಲ. ಮೇಷ್ಟ್ರು ಆ ಸಾಲನ್ನು ಹಾರಿಸಿ ಮುಂದೆ ಹೋದರು.

ಆ ಸಾಲಿನ ಹಿಂದೆ ಹೋದವನಿಗೆ ಸಿಗುವುದು 1839ರ ಕಲ್ಕತ್ತ. ಅಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ವಿಲಿಯಂ ಬ್ರೂಕ್ ಓಶಾನೆಸಿ ಎಂಬ ಐರಿಷ್ ವೈದ್ಯನಿದ್ದ. ಮುಂದೆ ಭಾರತದಲ್ಲಿ ಟೆಲಿಗ್ರಾಫ್ ತಂತಿ ಎಳೆಸಿದವನೂ ಇವನೇ. ಗಾಂಜಾವನ್ನು ರೋಗಿಗಳಿಗೆ ಕೊಡುವ ಮೊದಲು ಪ್ರಾಣಿಗಳಿಗೆ ಕೊಟ್ಟು ನೋಡೋಣ ಎಂದು ಹೊರಟ. ನೇಪಾಳದ ಚರಸ್ಸನ್ನು, ಅಂದರೆ ಗಾಂಜಾ ಗಿಡದ ಅಂಟನ್ನು, ಮದ್ಯಸಾರದಲ್ಲಿ ಕರಗಿಸಿ ಮಧ್ಯಮ ಗಾತ್ರದ ನಾಯಿಯೊಂದಕ್ಕೆ ಕುಡಿಸಿದ. ಅರ್ಧ ಗಂಟೆಯಲ್ಲಿ ಅದು ಮಂಕಾಯಿತು, ತೂಕಡಿಸಿತು, ಮುಖದಲ್ಲಿ ಕುಡುಕನ ಕಳೆ ಬಂತು. ಆರು ಗಂಟೆಯೊಳಗೆ ಎದ್ದು ಲವಲವಿಕೆಯಿಂದ ಓಡಾಡಿತು. ನಾಯಿ, ಬೆಕ್ಕು, ಹಂದಿ, ರಣಹದ್ದು, ಕಾಗೆ, ಮೀನು ಇವೆಲ್ಲ ಬೇಗ ಅಮಲೇರುತ್ತವೆ. ಕುದುರೆ, ಜಿಂಕೆ, ಕೋತಿ, ಆಡು, ಕುರಿ, ಹಸುಗಳಿಗೆ ಎಷ್ಟು ಕೊಟ್ಟರೂ ಅಷ್ಟಕ್ಕಷ್ಟೆ ಎಂದು ಬರೆದಿಟ್ಟ. ಕೋತಿಯನ್ನು ಈ ಎರಡನೇ ಸಾಲಿಗೆ ಸೇರಿಸಿದ್ದನ್ನು ನಾನು ಒಪ್ಪುವುದಿಲ್ಲ, ನಂತರದ ಪ್ರಯೋಗಗಳೂ ಒಪ್ಪಿಲ್ಲ. ಆದರೂ ಒಂದೇ ಮದ್ದು ಒಂದೊಂದು ಪ್ರಾಣಿಯ ಮೈಯಲ್ಲಿ ಒಂದೊಂದು ರೀತಿ ನಡೆದುಕೊಳ್ಳುತ್ತದೆ ಎಂಬುದನ್ನು ಆ ಕಾಲಕ್ಕೇ ಕಂಡುಕೊಂಡದ್ದು ಸಣ್ಣ ಮಾತಲ್ಲ. ಆಮೇಲೆ ಅವನು ಇದನ್ನು ಧನುರ್ವಾಯು, ಸಂಧಿವಾತ, ಕಾಲರಾ ರೋಗಿಗಳಿಗೆ, ಸೆಳೆತ ಬರುತ್ತಿದ್ದ ಎಳೆಗೂಸಿಗೂ ಕೊಟ್ಟ. ಇದೇ ಗಿಡದ ಸಿಬಿಡಿ ಎಂಬ ಅಮಲಿಲ್ಲದ ವಸ್ತುವಿನಿಂದ ಮಾಡಿದ ಔಷಧಕ್ಕೆ, ಮಕ್ಕಳ ಕೆಲವು ಕಠಿಣ ಮೂರ್ಛೆರೋಗಗಳಿಗಾಗಿ, ಅಮೆರಿಕ ಅನುಮತಿ ಕೊಟ್ಟದ್ದು 2018ರಲ್ಲಿ.

1893ರಲ್ಲಿ ಬ್ರಿಟಿಷ್ ಸರ್ಕಾರ ಗಾಂಜಾ ವಿಚಾರಣೆಗೆ ಒಂದು ಕಮಿಷನ್ ಕೂರಿಸಿತು. ಮ್ಯಾಕ್‌ವರ್ತ್ ಯಂಗ್ ಅಧ್ಯಕ್ಷ, ಸದಸ್ಯರಲ್ಲಿ ಮೂವರು ಭಾರತೀಯರು, 1,193 ಸಾಕ್ಷಿಗಳು. ಗಾಂಜಾ ಸೇದಿದರೆ ಹುಚ್ಚು ಹಿಡಿಯುತ್ತದೆ ಎಂಬ ಮಾತನ್ನು ಪರೀಕ್ಷಿಸಲು ಹುಚ್ಚಾಸ್ಪತ್ರೆಗಳ 1892ರ ದಾಖಲೆಗಳನ್ನು ಒಂದೊಂದಾಗಿ ತೆಗೆದು ನೋಡಿದರು. 1,344 ದಾಖಲಾತಿಗಳಲ್ಲಿ 222ಕ್ಕೆ ಗಾಂಜಾ ಕಾರಣ ಎಂದು ಬರೆದಿತ್ತು. ವಿಚಾರಿಸಿ ನೋಡಿದರೆ ಉಳಿದದ್ದು 98. ಕಾರಣ ಗೊತ್ತಿಲ್ಲದ ಕಡೆ ಗುಮಾಸ್ತರು ಗಾಂಜಾ ಎಂದು ತುಂಬಿಸಿದ್ದರು! ಕನ್ನಿಂಗ್‌ಹ್ಯಾಮ್ ಎಂಬ ಡಾಕ್ಟರು ಕೋತಿಯೊಂದಕ್ಕೆ ತಿಂಗಳುಗಟ್ಟಲೆ ಹೊಗೆ ಕೊಟ್ಟು, ಆಮೇಲೆ ಮೆದುಳು ಕೊಯ್ದು ನೋಡಿ, ಅಂಥ ಹಾನಿ ಕಾಣಲಿಲ್ಲ ಎಂದ. ಮಿತವಾದ ಬಳಕೆಯಿಂದ ಕೇಡಿಲ್ಲ, ಅತಿಯಾದರೆ ಇದೆ, ನಿಷೇಧ ಬೇಡ, ತೆರಿಗೆ ಮತ್ತು ಹತೋಟಿ ಸಾಕು ಎಂದು 1894ರಲ್ಲಿ ವರದಿ ಬಂತು. ಅಬ್ಕಾರಿ ವರಮಾನದ ಮೇಲೆ ಕಣ್ಣಿಟ್ಟ ಸರ್ಕಾರಕ್ಕೆ ಇದು ಹಿತವಾದ ತೀರ್ಪು, ಅದನ್ನು ಮರೆಯಬಾರದು. ನನಗೆ ಆ ವರದಿಯಲ್ಲಿ ಹೆಚ್ಚು ಖುಷಿ ಕೊಟ್ಟದ್ದು, ದುಡಿದು ದಣಿದ ಎತ್ತುಗಳಿಗೆ ಈ ಸೊಪ್ಪನ್ನು ಮದ್ದಾಗಿ ಕೊಡುವ ರೂಢಿಯೂ ಅದರಲ್ಲಿ ದಾಖಲಾಗಿರುವುದು.

ಇಷ್ಟೆಲ್ಲ ಆದರೂ ಗಿಡದಲ್ಲಿ ಇರುವುದೇನು ಎಂದು ಯಾರಿಗೂ ಗೊತ್ತಿರಲಿಲ್ಲ. ಅಫೀಮಿನ ಮಾರ್ಫೀನ್ ಹತ್ತೊಂಬತ್ತನೇ ಶತಮಾನದ ಆರಂಭದಲ್ಲೇ ಹರಳಾಗಿ ಸಿಕ್ಕಿತ್ತು. ಗಾಂಜಾದ ಅಂಟು ಹರಳಾಗುವ ಜಾತಿಯದಲ್ಲ. ಒಂದು ಸೀಸೆಯ ಟಿಂಚರ್ ಮಲಗಿಸಿಬಿಟ್ಟರೆ, ಇನ್ನೊಂದು ಸೀಸೆ ನೀರಿನಷ್ಟೇ ನಿರುಪದ್ರವಿ. ಕೊನೆಗೆ ಔಷಧ ಕಂಪನಿಗಳು ನಾಯಿಯನ್ನೇ ತಕ್ಕಡಿ ಮಾಡಿಕೊಂಡವು: ಮದ್ದು ತಿನ್ನಿಸು, ಎಷ್ಟಕ್ಕೆ ಕಾಲು ತಡವರಿಸುತ್ತದೆ ನೋಡು, ಅದೇ ಬಲ. 1916ರ ಅಮೆರಿಕನ್ ಫಾರ್ಮಕೋಪಿಯ, ಅಂದರೆ ಅಧಿಕೃತ ಔಷಧಕೋಶ, ಈ ಪರೀಕ್ಷೆಯನ್ನು ಕಡ್ಡಾಯ ಮಾಡಿತು. ನಂಬಲಾಗದ ಮದ್ದನ್ನು ಡಾಕ್ಟರುಗಳೇ ಕೈಬಿಟ್ಟರು. 1932ರಲ್ಲಿ ಬ್ರಿಟಿಷ್ ಫಾರ್ಮಕೋಪಿಯದಿಂದ, 1942ರಲ್ಲಿ ಅಮೆರಿಕದ್ದರಿಂದ ಅದು ಹೊರಬಿತ್ತು.

ಇಸ್ರೇಲಿನ ರಸಾಯನಶಾಸ್ತ್ರಜ್ಞ ರಫಾಯಲ್ ಮೆಕೂಲಂ, ಪೊಲೀಸರು ಜಪ್ತಿ ಮಾಡಿದ್ದ ಐದು ಕಿಲೋ ಲೆಬನಾನಿನ ಹಶೀಶನ್ನು ಕೇಳಿ ಪಡೆದು, ಬಸ್ಸಿನಲ್ಲಿ ಪ್ರಯೋಗಾಲಯಕ್ಕೆ ಒಯ್ದರು. ಸಹಪ್ರಯಾಣಿಕರು ಇದೇನು ವಾಸನೆ ಎಂದು ತಿರುಗಿ ನೋಡಿದರಂತೆ. 1964ರಲ್ಲಿ ಅವರೂ ಯೆಹಿಯೆಲ್ ಗವೋನಿಯೂ ಟಿಎಚ್‌ಸಿಯನ್ನು ಬೇರ್ಪಡಿಸಿ ಅದರ ರಚನೆ ಹೇಳಿದರು. ಅದು ಕೂರುವ ಜಾಗ ಮೆದುಳಿನಲ್ಲಿದೆ ಎಂದು ಆಲಿನ್ ಹೌಲೆಟ್ ಮತ್ತು ವಿಲಿಯಂ ಡಿವೇನ್ 1988ರಲ್ಲಿ ತೋರಿಸಿದರು. ಸಿಬಿ1 ಎಂಬ ಆ ರಿಸೆಪ್ಟರಿಗೆ ಹೊಂದುವಂಥದ್ದನ್ನು ನಮ್ಮ ದೇಹವೂ ತಯಾರಿಸುತ್ತದೆ. 1992ರಲ್ಲಿ ಸಿಕ್ಕ ಅದಕ್ಕೆ ಆನಂದಮೈಡ್ ಎಂದು ಹೆಸರಿಟ್ಟರು. ನಾಯಿಯ ಕಾಲೇ ಯಾಕೆ ಅಷ್ಟು ತಡವರಿಸುತ್ತದೆ ಎಂಬುದಕ್ಕೆ, ದನದ ಡಾಕ್ಟರಿಗೆ ಬೇಕಾದ ಉತ್ತರ ಬಂದದ್ದು 1990ರಲ್ಲಿ. ಮೈಲ್ಸ್ ಹರ್ಕೆನ್‌ಹ್ಯಾಮ್ ಮತ್ತು ಸಂಗಡಿಗರು ಇಲಿ, ನಾಯಿ, ಕೋತಿ, ಮನುಷ್ಯರ ಮೆದುಳಿನ ಪದರಗಳಲ್ಲಿ ಈ ರಿಸೆಪ್ಟರುಗಳನ್ನು ಗುರುತಿಸಿದಾಗ, ನಾಯಿಯ ಕಿರುಮೆದುಳಿನಲ್ಲಿ ಅವು ವಿಪರೀತ ಒತ್ತಾಗಿದ್ದವು. ನಡಿಗೆಯ ಸಮತೋಲ ಕಾಯುವುದು ಕಿರುಮೆದುಳು. ಕಾಲು ತಡವರಿಸದೆ ಇನ್ನೇನಾದೀತು? ಮನುಷ್ಯರಲ್ಲಿ ಉಸಿರಾಟ ನಡೆಸುವ ಜಾಗದಲ್ಲಿ ಇವು ವಿರಳ. ಅಫೀಮಿನಂತೆ ಗಾಂಜಾ ಉಸಿರು ನಿಲ್ಲಿಸಿ ಕೊಲ್ಲದಿರುವುದಕ್ಕೆ ಇದೇ ಕಾರಣ.

ಕೆಲಸದ ಮೊದಲ ವರ್ಷಗಳಲ್ಲಿ ನನ್ನನ್ನು ಗುಲ್ಬರ್ಗ ಜಿಲ್ಲೆಗೆ ಹಾಕಿದ್ದರು. ಸುರಪುರದ ಕಡೆ ಕೃಷ್ಣೆಯ ದಡದಲ್ಲಿರುವ ತಿಂಥಣಿಯ ಮೌನೇಶ್ವರನಿಗೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ಜಾತ್ರೆಯಲ್ಲಿ ಭಕ್ತರಿಗೆ ಗಾಂಜಾ ಪ್ರಸಾದ. ಹೊರಗಿನವನಾದ ನಾನು ಹುಬ್ಬೇರಿಸಿದ್ದನ್ನು ಕಂಡ ಒಬ್ಬ ಮುದುಕರು, "ನಶಾಕ್ಕಲ್ರೀ ಸಾಹೇಬ್ರ, ಧ್ಯಾನಕ್ಕ. ಇಲ್ಲಿ ಬಿಟ್ರ ಮನ್ಯಾಗ ಮುಟ್ಟಂಗಿಲ್ಲ" ಎಂದರು. ಕೆಲವರು ಚಿಲುಮೆಯಲ್ಲಿ ಸೇದಿದರು, ಕೆಲವರು ತಿಂದರು. ಹೊಗೆಯಾದರೆ ಕೆಲವೇ ನಿಮಿಷಗಳಲ್ಲಿ ಶ್ವಾಸಕೋಶದಿಂದ ಮೆದುಳಿಗೆ. ತಿಂದದ್ದು ಪಿತ್ತಜನಕಾಂಗದಲ್ಲಿ ಇನ್ನೊಂದು ರೂಪ ತಳೆದು, ತಡವಾಗಿ ಏರಿ, ತಡವಾಗಿ ಇಳಿಯುತ್ತದೆ. ಏನೂ ಆಗಲಿಲ್ಲವಲ್ಲ ಎಂದು ಮತ್ತೆ ತಿನ್ನುವ ಹೊಸಬನೇ ಕೆಡುವುದು. ಅಲ್ಲಿನ ಹಳಬರು ಹೊಸಬರ ಕೈ ಹಿಡಿದು ತಡೆಯುತ್ತಿದ್ದರು.

1985ರ ನವೆಂಬರ್ 14ರಂದು ಮಾದಕವಸ್ತುಗಳ ಮೇಲಿನ ಎನ್‌ಡಿಪಿಎಸ್ ಕಾಯ್ದೆ ಜಾರಿಯಾಯಿತು. ಹೂವಿನ ತೆನೆ ಗಾಂಜಾ, ಅಪರಾಧ. ತೆನೆಯಿಲ್ಲದ ಬರೀ ಎಲೆ ಮತ್ತು ಬೀಜ ಆ ವ್ಯಾಖ್ಯೆಯ ಹೊರಗೆ. ಬೆಂಗಳೂರಿನ ಒಂದು ಜಾಮೀನು ಅರ್ಜಿಯಲ್ಲಿ, ಭಂಗ್ ಈ ಕಾಯ್ದೆಯಡಿ ಬರುವುದಿಲ್ಲ ಎಂದು ನಮ್ಮ ಹೈಕೋರ್ಟು 2022ರಲ್ಲಿ ಹೇಳಿತು.

ನಿವೃತ್ತಿಯಾದ ಮೇಲೆ ಯಲಹಂಕ ಉಪನಗರದ ಚಿಕ್ಕ ಕ್ಲಿನಿಕ್ಕಿಗೆ ಈಗ ಬರುವುದು ನಾಯಿಗಳು. "ಯಾರೋ ವಿಷ ಹಾಕಿದ್ದಾರೆ ಅಂಕಲ್" ಎನ್ನುತ್ತಾ ಹುಡುಗರು ಎತ್ತಿಕೊಂಡು ಬರುತ್ತಾರೆ. ನಿಂತಲ್ಲೇ ತೂಗಾಡುವುದು, ಮುಖದ ಮುಂದೆ ಬೆರಳಾಡಿಸಿದರೆ ಬೆಚ್ಚುವುದು, ಅರಿವಿಲ್ಲದೆ ಉಚ್ಚೆ ತೊಟ್ಟಿಕ್ಕುವುದು — ಈ ಮೂರೂ ಕಂಡರೆ ನಾನು ಬಾಗಿಲು ಮುಚ್ಚಿ, "ಪೊಲೀಸಿಗೆ ಹೇಳಲ್ಲಪ್ಪ, ಏನು ತಿಂದಿದೆ ಹೇಳು" ಎನ್ನುತ್ತೇನೆ. ಯಾವಾಗಲೂ ಅದು ಫ್ರೆಂಡಿನದೇ ಆಗಿರುತ್ತದೆ! ಚಾಕೊಲೇಟ್ ಬ್ರೌನಿಯಲ್ಲಿ ಬೆರೆಸಿದ್ದಾದರೆ ಇನ್ನೂ ಕಷ್ಟ, ನಾಯಿಗೆ ಚಾಕೊಲೇಟೇ ವಿಷ. ಇದಕ್ಕೆ ಪ್ರತಿಮದ್ದಿಲ್ಲ, ಬೆಚ್ಚಗಿಟ್ಟು, ಡ್ರಿಪ್ ಹಾಕಿ, ಕತ್ತಲೆ ಕೋಣೆಯಲ್ಲಿ ಮಲಗಿಸುವುದು. ಓಶಾನೆಸಿಯ ನಾಯಿ ಆರು ಗಂಟೆಯಲ್ಲಿ ಎದ್ದಿತ್ತು, ಇವಕ್ಕೆ ಒಂದು ದಿನ ದಾಟುವುದೂ ಉಂಟು. ಈಗಿನ ಮಾಲಿನ ಬಲವೂ ಹೆಚ್ಚಿದೆ: ಅಮೆರಿಕದಲ್ಲಿ ಜಪ್ತಿಯಾದ ಗಾಂಜಾದ ಟಿಎಚ್‌ಸಿ 1995ರಲ್ಲಿ ಶೇ. 4ರಷ್ಟಿದ್ದದ್ದು 2014ಕ್ಕೆ ಶೇ. 12ರಷ್ಟಾಗಿತ್ತು.

ಹಸುವಿನ ಬಗ್ಗೆ ಓಶಾನೆಸಿ ಬರೆದದ್ದು ಪೂರ್ತಿ ನಿಲ್ಲಲಿಲ್ಲ. 2022ರಲ್ಲಿ ಜರ್ಮನಿಯ ಸಂಶೋಧಕರು ನಾರಿಗಾಗಿ ಬೆಳೆಯುವ ತಳಿಯ ಗಾಂಜಾ ಗಿಡದ ಹೂವು, ಎಲೆ, ಬೀಜಗಳ ಸೈಲೇಜನ್ನು (ಹುದುಗಿಸಿದ ಮೇವನ್ನು) ಕರೆಯುವ ಹಸುಗಳಿಗೆ ಹಾಕಿ ನೋಡಿದರು. ಹಸುಗಳು ಆಕಳಿಸಿದವು, ಜೊಲ್ಲು ಸುರಿಸಿದವು, ನಾಲಗೆ ಹೊರಳಾಡಿಸಿದವು, ಎದೆಬಡಿತ ನಿಧಾನವಾಯಿತು, ಕೆಲವು ಹೆಜ್ಜೆ ತಪ್ಪಿದವು. ಹಾಲಿನಲ್ಲೂ ಟಿಎಚ್‌ಸಿ ಸಿಕ್ಕಿತು. ನಮ್ಮಲ್ಲಿ 2021ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಇದರ ಬೀಜವನ್ನು ತಿನ್ನಬಹುದಾದ ಪದಾರ್ಥವೆಂದು ಒಪ್ಪಿದ ಮೇಲೆ, ದೊಡ್ಡಬಳ್ಳಾಪುರದ ಕಡೆಯ ಒಬ್ಬ ಹುಡುಗ ಎಣ್ಣೆ ತೆಗೆದ ಹಿಂಡಿಯನ್ನು ಡೇರಿ ಹಸುಗಳಿಗೆ ಹಾಕಬಹುದೇ ಎಂದು ಕೇಳಿದ. ಬೀಜದಲ್ಲಿ ಅಮಲಿಲ್ಲ, ಆದರೆ ಹೂ-ಎಲೆಯ ಪುಡಿ ಅಂಟಿಕೊಂಡಿರುತ್ತದೆ. ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿದ ಚೀಟಿ ತರದೆ ಒಂದು ಮೂಟೆಯನ್ನೂ ಇಳಿಸಿಕೊಳ್ಳಬೇಡ ಎಂದು ಹೇಳಿ ಕಳಿಸಿದೆ.